ಶಬ್ದ ಬಂತಾ?

"ಇನ್ನೊಂದೇ ಸ್ಕ್ರೂ ಅಕ್ಕಾ. ಮೇಲಿರೋದನ್ನೆಲ್ಲ ಎತ್ಕೊಂಡ್ಬಿಡಿ," ಎಂದ ಬಡಗಿ, ಮೇಜಿನ ಅಡಿಯಿಂದಲೇ.

ಹಜಾರದ ಗೋಡೆಗೆ ಬಿಗಿದಿದ್ದ ಆ ಮೇಜನ್ನು ಕಳಚದೆ ಅಪ್ಪನನ್ನು ಮಲಗಿಸಲು ಮನೆಯಲ್ಲಿ ಜಾಗವಿರಲಿಲ್ಲ. ಆಸ್ಪತ್ರೆಯಿಂದ ದೇಹ ತಂದ ಗಾಡಿ ಕೆಳಗೆ ಬೀದಿಯಲ್ಲಿ ಕಾಯುತ್ತಿತ್ತು. ಮಗಳು ಮೇಜಿನ ಮೇಲಿದ್ದ ಒಂದೊಂದನ್ನೇ ಮಂಚಕ್ಕೆ ಸಾಗಿಸಿದಳು. ಒಂದು ಕಡ್ಡಿ ಮುರಿದ ಕನ್ನಡಕ, ಇಂಗ್ಲಿಷ್ ನಿಘಂಟು, ಲಿಫ್ಟ್ ಕಂಪನಿಯ ಹೆಸರಿದ್ದ ಮೂರು ದಪ್ಪ ದಿನಚರಿಗಳು, ಕೊನೆಗೆ ಬೆನ್ನಿನ ಮುಚ್ಚಳವಿಲ್ಲದ ಒಂದು ಹಳೇ ಲ್ಯಾಪ್‌ಟಾಪು.

"ಇದೊಂದನ್ನ ಅವನ ಜೊತೆಗೇ ಕಳಿಸ್ಬಿಡೇ," ಎಂದಳು ಅತ್ತೆ. ಒಬ್ಬನೇ ಅಣ್ಣನನ್ನು ಕಳೆದುಕೊಂಡು ಬೆಳಗಿನಿಂದ ಅಳುತ್ತಲೇ ಇದ್ದಳು. "ಮನುಷ್ಯರ ಮುಖ ನೋಡಿದ್ದಕ್ಕಿಂತ ಇದರ ಮುಖ ನೋಡಿದ್ದೇ ಹೆಚ್ಚು ಅವನು."

"ಸುಮ್ನಿರತ್ತೆ."

"ನಾನೇನು ಸುಳ್ಳು ಹೇಳಿದ್ನಾ?"

ಮಗಳು ಲ್ಯಾಪ್‌ಟಾಪನ್ನು ನಿಘಂಟಿನ ಪಕ್ಕ ಇಟ್ಟಳು. ಆ ಲ್ಯಾಪ್‌ಟಾಪಿನ ವಿಷಯದಲ್ಲಿ ಸುಳ್ಳು ಹೇಳಿದವಳು ಅವಳೇ.

*

ಮೂವತ್ತನಾಲ್ಕು ವರ್ಷ ಅಪ್ಪ ಲಿಫ್ಟ್ ಮೆಕ್ಯಾನಿಕ್ಕು. ಬೀದಿಗೆಲ್ಲ ಅವನು ಲಿಫ್ಟಣ್ಣ. ಹಾಗಂತ ಅವನ ಮನೆಯಿದ್ದ ಕಟ್ಟಡಕ್ಕೆ ಲಿಫ್ಟಿರಲಿಲ್ಲ. "ಊರನ್ನೆಲ್ಲ ಮೇಲಕ್ಕೆ ಹತ್ತಿಸ್ತೀನಿ, ನಾನು ಮಾತ್ರ ಮೂರು ಮಹಡಿ ಕಾಲಲ್ಲೇ ಹತ್ತೋದು," ಎಂದು ಬಂದವರಿಗೆಲ್ಲ ಹೇಳಿ ತಾನೇ ಮೊದಲು ನಗುತ್ತಿದ್ದ. ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರು ಕೋಣೆಗಳಲ್ಲಿ ಆಯುಸ್ಸು ಸವೆಸಿದ್ದಕ್ಕೆ ಕೊನೆಗೆ ಕಿವಿ ಎರಡೂ ಹೋದವು. ಎದುರಿಗೆ ನಿಂತು ತುಟಿ ಬಿಡಿಸಿ ಮಾತಾಡಿದರೆ ಮಾತ್ರ ತಿಳಿಯುತ್ತಿತ್ತು.

ನಿವೃತ್ತಿಯಾದ ಮೇಲೂ ಒಂದೆರಡು ಕಡೆ ಲಿಫ್ಟ್ ನೋಡಿಕೊಡುತ್ತಿದ್ದ. ಹಾಗೆ ಹೋದ ಕಡೆಯಿಂದ ಎರಡು ವರ್ಷದ ಹಿಂದೆ ಈ ಲ್ಯಾಪ್‌ಟಾಪು ಮನೆಗೆ ಬಂತು.

"ಯಾರದಪ್ಪಾ ಇದು?"

"ಕಣ್ಣಿಲ್ಲದವರದು. ಇದರಲ್ಲಿ ಲಿನಕ್ಸ್ ಹಾಕಿದಾರೆ, ಯಂತ್ರ ನಡೆಸೋ ತಂತ್ರಾಂಶ, ಯಾರು ಬೇಕಾದ್ರೂ ತಿದ್ದಬಹುದಂತೆ. ಬೇರೆಲ್ಲ ಚೆನ್ನಾಗಿದೆ, ಶಬ್ದ ಒಂದು ಬರಲ್ವಂತೆ."

"ಕಿವಿ ಕೇಳದವನಿಗೆ ಶಬ್ದ ರಿಪೇರಿಗೆ ಕೊಟ್ಟಿದಾರಾ!"

ಅಪ್ಪ ಅವಳ ತುಟಿ ನೋಡಿ ಅರ್ಥ ಮಾಡಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಮುಂದಿನ ಮೂರು ತಿಂಗಳು ಅವನದು ಒಂದೇ ಜಪ. ಮಗಳು ನಗರದ ಬಸ್ಸಿನ ಡ್ರೈವರು. ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಪ್ಪ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ ಒಂದು ಗುಂಡಿ ಒತ್ತುತ್ತಿದ್ದ. "ಶಬ್ದ ಬಂತಾ?"

"ಇಲ್ಲಪ್ಪ."

ದಿನಚರಿಯಲ್ಲಿ ಏನೋ ಗುರುತು ಹಾಕಿಕೊಂಡು ಮತ್ತೆ ಕೀಲಿಮಣೆಗೆ ಬಗ್ಗುತ್ತಿದ್ದ. ಹತ್ತು ನಿಮಿಷ ಬಿಟ್ಟು ಮತ್ತೆ. "ಈಗ ಬಂತಾ?"

"ಇಲ್ಲ."

ಒಂದು ಸಂಜೆ, ಕೆಟ್ಟ ಪಾಳಿ ಅದು. ಬಿಸಿಲು, ಗಲಾಟೆ, ಬಾಗಿಲಲ್ಲಿ ನೇತಾಡುವ ಜನ. ತಲೆ ಸಿಡಿಯುತ್ತಿತ್ತು. ಅಪ್ಪ ಏಳನೇ ಸಲ ಕೇಳಿದ. ಒಲೆಯ ಮುಂದೆ ನಿಂತಿದ್ದ ಅವಳು ತಿರುಗಿ, ಅವನಿಗೆ ಕಾಣುವ ಹಾಗೆ ತುಟಿ ಬಿಡಿಸಿ, "ಬಂತಪ್ಪ, ಬಂತು," ಎಂದುಬಿಟ್ಟಳು.

ಆ ಮುಖ ಅರಳಿದ್ದನ್ನು ನೋಡಿದ ಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಆದರೆ ತಿದ್ದಲಿಲ್ಲ. ತಿದ್ದಿದರೆ ಎಂಟನೇ ಸಲ ಕೇಳುತ್ತಾನಲ್ಲ.

ಮಾರನೇ ಬೆಳಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟ. ಮಧ್ಯಾಹ್ನ ವಾಪಸು ಬಂದವನು ಅಂಗಿ ಕಳಚಿ ಗೂಟಕ್ಕೆ ಹಾಕಿ ಮೇಜಿನ ಮುಂದೆ ಕೂತ. ಅಂದಿನಿಂದ ಅವಳನ್ನು ಕೇಳುವುದನ್ನು ನಿಲ್ಲಿಸಿದ.

*

ಮೇಜು ಕಳಚಿದ ಜಾಗದಲ್ಲಿ ಅಪ್ಪನನ್ನು ಮಲಗಿಸಿಯಾಗಿತ್ತು. ಹತ್ತೂವರೆಯ ಹೊತ್ತಿಗೆ ಮೆಟ್ಟಿಲಲ್ಲಿ ತುಂಬ ಹೆಜ್ಜೆಗಳ ಸದ್ದು ಕೇಳಿತು. ಜೊತೆಗೆ ಟಕ್ ಟಕ್ ಎಂದು ಕೋಲಿನ ಸದ್ದು. ಬಾಗಿಲಲ್ಲಿ ನಿಂತಿದ್ದ ಬಡಗಿ ಇಣುಕಿ ನೋಡಿ ಪಕ್ಕಕ್ಕೆ ಸರಿದ.

ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟುಕೊಂಡು ಹನ್ನೊಂದು ಜನ ಮೇಲೆ ಬಂದರು. ಗಂಡಸರು, ಹೆಂಗಸರು, ಇಪ್ಪತ್ತರವರು, ಅರವತ್ತರವರು. ಮುಂದಿದ್ದಾತ ಕಪ್ಪು ಕನ್ನಡಕ ಹಾಕಿದ್ದ, ತೆಳ್ಳಗಿನ ಮನುಷ್ಯ.

"ಲಿಫ್ಟಣ್ಣನ ಮನೆ ಇದೇ ಅಲ್ವಾ? ನಾನು ಅಂಧರ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಹೇಳ್ಕೊಡೋ ಮೇಷ್ಟ್ರು."

"ಬನ್ನಿ ಮೇಷ್ಟ್ರೇ. ನಾನು ಮಗಳು."

"ಅಮ್ಮಾ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ." ಆತ ಧ್ವನಿ ತಗ್ಗಿಸಿದ. "ನಾವು ಅವರನ್ನ ನೋಡೋಕಾಗಲ್ಲ. ಅವರ ಕೈ ಮುಟ್ಟಬಹುದಾ?"

ಮಗಳು ಹೊದಿಕೆ ಸರಿಸಿ ಅಪ್ಪನ ಬಲಗೈಯನ್ನು ಹೊರಗಿಟ್ಟಳು. ಗ್ರೀಸು ಹೊಕ್ಕು ಗೀರುಗಳು ಕಪ್ಪಾಗಿದ್ದ, ತೋರುಬೆರಳ ತುದಿ ಚಪ್ಪಟೆಯಾಗಿದ್ದ ಕೈ. ಒಬ್ಬೊಬ್ಬರೇ ಬಂದು ಮಂಡಿಯೂರಿದರು. ಯಾರೂ ಅವಸರ ಮಾಡಲಿಲ್ಲ. ಒಬ್ಬೊಬ್ಬರೂ ಬೆರಳು ಬೆರಳನ್ನೂ ತುದಿಯಿಂದ ಬುಡದವರೆಗೆ ಸವರಿ, ಏನನ್ನೋ ಓದಿ ಮುಗಿಸಿದವರಂತೆ ಎದ್ದರು. ಒಬ್ಬ ಮುದುಕಿ ಆ ಕೈಯನ್ನು ತನ್ನ ಕಿವಿಗೆ ಒತ್ತಿಕೊಂಡಳು.

ಅತ್ತೆ ಅಳು ನಿಲ್ಲಿಸಿದ್ದಳು. "ಯಾರೇ ಇವರೆಲ್ಲ?" ಎಂದಳು ಮೆಲ್ಲಗೆ. "ನಮ್ಮಣ್ಣ ಇವರಿಗೆ ಏನು ಮಾಡಿದ್ದ?"

ಮಗಳಿಗೂ ಗೊತ್ತಿರಲಿಲ್ಲ.

ಚಿತಾಗಾರ ದೂರವಿತ್ತು. ಡಿಪೋದಿಂದ ಅವಳ ಜೊತೆಯ ಡ್ರೈವರು ಒಂದು ಬಸ್ಸು ತಂದಿದ್ದ. ದೇಹದ ಗಾಡಿಯ ಹಿಂದೆ ಬಸ್ಸು ಹೊರಟಾಗ ಅವಳು ಮೇಷ್ಟ್ರ ಪಕ್ಕ ಕೂತಳು. ಬಸ್ಸು ಮುಖ್ಯರಸ್ತೆಗೆ ಬಂದ ಮೇಲೆ ಕೇಳಿಯೇ ಬಿಟ್ಟಳು.

"ಎರಡು ವರ್ಷದ ಹಿಂದೆ ಒಂದು ದಿನ ಅಪ್ಪ ಲ್ಯಾಪ್‌ಟಾಪು ತಗೊಂಡು ನಿಮ್ಮಲ್ಲಿಗೆ ಬಂದಿದ್ರು. ಟವೆಲಲ್ಲಿ ಸುತ್ಕೊಂಡು. ಅವತ್ತು ಏನಾಯ್ತು?"

ಮೇಷ್ಟ್ರು ನಕ್ಕ. "ಮರೆಯೋ ದಿನವಾ ಅದು! ಒಂದು ಆಫೀಸಿನವರು ಹಳೇ ಲ್ಯಾಪ್‌ಟಾಪು ಮೂವತ್ತು ಕೊಟ್ಟಿದ್ರು. ನಮಗೆ ಪರದೆ ಯಾಕೆ ಬೇಕು ಹೇಳಿ? ಪರದೆ ಮೇಲಿರೋದನ್ನ ಅದು ಓದಿ ಹೇಳ್ಬೇಕು. ಶಬ್ದ ಇಲ್ಲ ಅಂದ್ರೆ ನಮ್ಮ ಪಾಲಿಗೆ ಅದೊಂದು ಹಲಗೆ. ಅವತ್ತು ಎಲ್ರೂ ಉಸಿರು ಬಿಗಿಹಿಡ್ಕೊಂಡು ಕೂತಿದ್ವಿ. ನಿಮ್ಮಪ್ಪ ಗುಂಡಿ ಒತ್ತಿದ್ರು. 'ಹೇಗಿದೆ?' ಅಂದ್ರು. ಪಿಟ್ಟಂತ ಶಬ್ದ ಇಲ್ಲ. 'ಕೇಳಿಸ್ತಿಲ್ಲ ಅಣ್ಣಾ' ಅಂತ ನಾನು ಕೂಗಿದೆ. ನನ್ನ ಮುಖ ಯಾವ ಕಡೆಗಿತ್ತೋ, ಅವರಿಗೆ ಅದೂ ತಿಳೀಲಿಲ್ಲ. 'ಹೇಗಿದೆ, ಚೆನ್ನಾಗಿದೆಯಾ?' ಅಂತ ಮತ್ತೆ ಕೇಳ್ತಾರೆ. ಕೊನೆಗೆ ನಾನು ಆ ಲ್ಯಾಪ್‌ಟಾಪನ್ನೇ ಎಳ್ಕೊಂಡು ಟೈಪ್ ಮಾಡಿ ತೋರಿಸ್ದೆ, 'ಶಬ್ದ ಇಲ್ಲ' ಅಂತ."

ಬಸ್ಸು ಸಿಗ್ನಲ್ಲಿಗೆ ನಿಂತಿತು.

"ಆಮೇಲೆ ನಮ್ಮಿಬ್ಬರ ಮಾತೆಲ್ಲ ಹಾಗೇನೆ. ನಾನು ಟೈಪ್ ಮಾಡ್ತಿದ್ದೆ, ಅವರು ಓದ್ತಿದ್ರು. ಅವರು ಮಾತಾಡ್ತಿದ್ರು, ನಾನು ಕೇಳ್ತಿದ್ದೆ."

"ಅಪ್ಪ ಅವತ್ತು ಏನಂದ್ರು?"

"'ನನ್ನ ಮಗಳಿಗೆ ಕೇಳಿಸಿದೆ ಮೇಷ್ಟ್ರೇ. ಅಂದ್ರೆ ಒಂದ್ಸಲ ಬಂದಿದೆ. ಒಂದ್ಸಲ ಬಂದಿದ್ದು ಮತ್ತೆ ಬರ್ಲೇಬೇಕು' ಅಂದ್ರು. ಆ ಮಾತಿನ ಮೇಲೆ ಎಂಟು ತಿಂಗಳು ನಿಂತ್ರು ಪುಣ್ಯಾತ್ಮ. ನಾನು ಯಾವತ್ತೋ ಕೈಬಿಟ್ಟಿದ್ದೆ."

ಮಗಳು ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಳು. ದಿನಕ್ಕೆ ನಾಲ್ಕು ಸಲ ಅವಳೇ ಬಸ್ಸೋಡಿಸುವ ರಸ್ತೆ, ಈಗ ಕಣ್ಣಿಗೆ ಮಂಜಾಗಿ ಕಾಣುತ್ತಿತ್ತು.

"ಕೇಳಿಸಿರ್ಲಿಲ್ಲ," ಎಂದಳು. "ಸಾಕಾಗಿತ್ತು ನಂಗೆ. ಸುಳ್ಳು ಹೇಳಿದ್ದೆ."

ಮೇಷ್ಟ್ರು ಅವಳ ಕಡೆ ಮುಖ ತಿರುಗಿಸಿದ. ಬೈಯಬಹುದೆಂದು ಅವಳು ಕಾದಳು. ಆತ ಬೇರೇನನ್ನೋ ಲೆಕ್ಕ ಹಾಕುತ್ತಿದ್ದ.

"ಓಹೋ," ಎಂದ ಕೊನೆಗೆ. "ಅದಕ್ಕೇ ಬಲೂನು ತಗೊಂಡ್ರಾ!"

*

ಬಲೂನು ಅವಳಿಗೂ ನೆನಪಿತ್ತು. ಒಂದು ಮಧ್ಯಾಹ್ನ ಬೆಳಗಿನ ಪಾಳಿ ಮುಗಿಸಿ ಬಂದು ಬಾಗಿಲು ತೆಗೆದರೆ, ಅರವತ್ತೇಳು ವರ್ಷದ ಅಪ್ಪ ಕೆಂಪು ಬಲೂನೊಂದನ್ನು ಲ್ಯಾಪ್‌ಟಾಪಿಗೆ ಆನಿಸಿ, ಎರಡೂ ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದ. ಹೊರಗೆ ಹೋಗಿ ಅತ್ತೆಗೆ ಫೋನು ಮಾಡಿದ್ದಳು. "ಅಪ್ಪಂಗೆ ಅರಳು ಮರಳು ಶುರುವಾಗಿದೆ ಅತ್ತೆ. ಬಲೂನು ಹಿಡ್ಕೊಂಡು ಆಡ್ತಿದಾನೆ." ಇಬ್ಬರೂ ಫೋನಿನಲ್ಲೇ ಅತ್ತಿದ್ದರು. ಆಮೇಲೆ ಮನೆಯಲ್ಲಿ ಬಲೂನಿನ ಸುದ್ದಿ ಎತ್ತದೆ, ಮಗುವನ್ನು ರಮಿಸುವಂತೆ ಅವನ ಜೊತೆ ನಡೆದುಕೊಂಡಿದ್ದಳು.

ಅದಾಗಿ ಕೆಲವು ತಿಂಗಳಿಗೆ ಒಂದು ಬೆಳಗ್ಗೆ, ಅವಳು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದಾಗ, "ಆಯ್ತು ಮಗಳೇ," ಎಂದಿದ್ದ. ಆ ಹಠ ಬಿಟ್ಟನೆಂದು ಅವಳು ತಿಳಿದಳು. "ಒಳ್ಳೇದಾಯ್ತು ಬಿಡಪ್ಪ," ಎಂದು ಊಟದ ಡಬ್ಬಿ ಎತ್ತಿಕೊಂಡು ಇಳಿದು ಹೋಗಿದ್ದಳು.

*

"ಆಟ ಅಲ್ಲಮ್ಮಾ ಅದು," ಎಂದ ಮೇಷ್ಟ್ರು. "ಶಬ್ದ ಬಂದ್ರೆ ಬಲೂನು ನಡುಗುತ್ತೆ. ಕಿವಿ ಕೇಳದವರ ಅಂಗೈಗೂ ಅದು ತಿಳಿಯುತ್ತೆ. ಬೇರೆಯವರ ಕಿವಿ ನಂಬ್ಕೊಂಡು ಕೂರೋದು ಬೇಡ ಅನ್ನಿಸಿರ್ಬೇಕು."

ಮಗಳು ತನ್ನ ಅಂಗೈ ನೋಡಿಕೊಂಡಳು.

"ಲ್ಯಾಪ್‌ಟಾಪೊಳಗೆ ಶಬ್ದಕ್ಕೆ ಅಂತ್ಲೇ ಒಂದು ಚಿಪ್ ಇರುತ್ತೆ, ಉಗುರಿನಷ್ಟು. ಅದಕ್ಕೆ ನಲವತ್ತೆಂಟು ಕಾಲು. ಯಾವ ಕಾಲಿಂದ ಸ್ಪೀಕರಿಗೆ ದಾರಿ ಅಂತ ಯಂತ್ರವೇ ಲಿನಕ್ಸಿಗೆ ಹೇಳ್ಬೇಕು. ನಮ್ಮ ಯಂತ್ರ ತಪ್ಪು ಹೇಳ್ತಿತ್ತು. 'ಮೇಷ್ಟ್ರೇ, ಲಿಫ್ಟಲ್ಲೂ ಇದೇ ಪಾಡು. ನಕ್ಷೆ ಒಂದು ಹೇಳುತ್ತೆ, ತಂತಿ ಇನ್ನೊಂದು ಹೇಳುತ್ತೆ. ನಾನು ತಂತಿ ಮಾತು ಕೇಳೋನು' ಅಂತಿದ್ರು ನಿಮ್ಮಪ್ಪ. ಒಂದೊಂದು ಕಾಲನ್ನೂ ಹಿಡಿದು, ಹೀಗೆ ಮಾಡಿದ್ರೆ ಏನು, ಹಾಗೆ ಮಾಡಿದ್ರೆ ಏನು ಅಂತ ಸಾವಿರದ ಚಿಲ್ಲರೆ ಸಲ ನೋಡಿದಾರೆ. ಒಂದೊಂದು ಸಲಕ್ಕೂ ಯಂತ್ರ ಆರಿಸಿ ಹಚ್ಬೇಕು."

"ಆ ದಿನಚರಿಗಳಲ್ಲಿರೋದು ಅದೇನಾ?"

"ಅದೇ. ಕೊನೆಗೆ ಸಿಕ್ಕಿದ್ದು ಎಷ್ಟು ಗೊತ್ತಾ? ಆರು ಸಾಲು ಕೋಡು. ನಮ್ಮ ಮೂವತ್ತಕ್ಕೆ ಅದನ್ನ ಹಾಕ್ಕೊಟ್ಟು ಸುಮ್ನಾಗಬಹುದಿತ್ತು. 'ಇದೇ ಮಾಡೆಲು ಇನ್ನೆಲ್ಲಿ ಯಾರ ಹತ್ರ ಮೂಕಾಗಿ ಕೂತಿದೆಯೋ' ಅಂತ, ಲಿನಕ್ಸ್ ನೋಡ್ಕೊಳ್ಳೋರಿಗೆ ಕಳಿಸಿದ್ರು. ಅವರೋ ಮೂರು ಸಲ ವಾಪಸ್ ಮಾಡಿದ್ರು. ಕೆಲಸ ತಪ್ಪಿದೆ ಅಂತಲ್ಲ. ಸಾಲಿನ ಮುಂದೆ ಖಾಲಿ ಜಾಗ ಬಿಟ್ಟಿದ್ದು ಸರಿಯಿಲ್ಲವಂತೆ!"

"ಅಪ್ಪ ಬೈದಿರ್ಬೇಕು."

"ಬೈತಾರಾ? ಖುಷಿಯಾಗಿಬಿಟ್ರು. 'ಇಷ್ಟು ಕಟ್ಟುನಿಟ್ಟಾಗಿ ನೋಡ್ತಾರೆ ಅಂದ್ರೆ ಒಳ್ಳೇ ಜನ' ಅಂದ್ರು. ನಿಘಂಟು ಇಟ್ಕೊಂಡು ಉತ್ತರ ಬರೆದ್ರು. ನಾಲ್ಕನೇ ಸಲ ತಗೊಂಡ್ರು. ಈಗ ಆ ಆರು ಸಾಲು ಲಿನಕ್ಸೊಳಗೇ ಸೇರ್ಕೊಂಡಿದೆ, ನಿಮ್ಮಪ್ಪನ ಹೆಸರಿನ ಜೊತೆ. ಪ್ರಪಂಚದ ಯಾವ ಮೂಲೇಲಾದ್ರೂ ಸರಿ, ಹೊಸ ಲಿನಕ್ಸ್ ಹಾಕಿ ಆ ಮಾಡೆಲು ಹಚ್ಚಿದ್ರೆ ಮಾತಾಡುತ್ತೆ. ಹಚ್ಚಿದವರಿಗೆ, ಇದು ಒಂದು ಕಾಲದಲ್ಲಿ ಮೂಕಾಗಿತ್ತು ಅಂತ್ಲೇ ಗೊತ್ತಾಗಲ್ಲ."

ಹಿಂದಿನ ಸೀಟಿನಲ್ಲಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮುಂದಕ್ಕೆ ಬಗ್ಗಿ, "ಮೇಷ್ಟ್ರೇ, ನಮ್ಮಣ್ಣ ಓದಿದ್ದು ಏಳನೇ ಕ್ಲಾಸು," ಎಂದಳು. ಅದು ದೂರೋ ಹೆಮ್ಮೆಯೋ ಅವಳಿಗೇ ತಿಳಿದಂತಿರಲಿಲ್ಲ.

ಚಿತಾಗಾರದಲ್ಲಿ ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ಕಬ್ಬಿಣದ ಬಾಗಿಲು ಮುಚ್ಚುವ ಮುನ್ನ ಮಗಳು ಅಪ್ಪನ ಎದುರಿಗೆ ಬಂದು ನಿಂತು, ತುಟಿ ಬಿಡಿಸಿ, ನಿಧಾನವಾಗಿ ಏನೋ ಹೇಳಿದಳು. ಧ್ವನಿ ಹೊರಡಿಸಲಿಲ್ಲ. ಕಿವಿ ಹೋದಂದಿನಿಂದ ಅವನ ಜೊತೆ ಮಾತಾಡಲು ಅದರ ಅಗತ್ಯವಿರಲಿಲ್ಲ.

ಹಿಂತಿರುಗುವಾಗ ಬಸ್ಸು ಮೊದಲು ತರಬೇತಿ ಕೇಂದ್ರಕ್ಕೆ ಹೋಯಿತು. ಹನ್ನೊಂದು ಜನರನ್ನು ಇಳಿಸಿ ಹೊರಡಬೇಕು. "ಒಂದೈದು ನಿಮಿಷ," ಎಂದಳು ಮಗಳು ಜೊತೆಯ ಡ್ರೈವರಿಗೆ.

"ಹತ್ತು ತಗೋ, ಬಿಡು," ಎಂದ ಅವನು ಇಂಜಿನ್ ಆರಿಸಿ.

ಮೇಷ್ಟ್ರ ಹಿಂದೆ ಕಾರಿಡಾರಿನಲ್ಲಿ ನಡೆದಳು. ಬೇರೆಯವರೆಲ್ಲ ಕೈ ಕಾಲು ತೊಳೆಯಲು ಹೋದರು. ಕೊನೆಯ ಕೋಣೆಯ ಬಾಗಿಲು ತೆರೆದಿತ್ತು. ಉದ್ದದ ಬೆಂಚುಗಳ ಮೇಲೆ ಮುಚ್ಚಿಟ್ಟ ಲ್ಯಾಪ್‌ಟಾಪುಗಳ ಸಾಲು. ದೀಪ ಹಾಕಿರಲಿಲ್ಲ. ಮೂಲೆಯಲ್ಲಿ ಒಬ್ಬಳೇ ಹೆಂಗಸು ಕೂತಿದ್ದಳು, ಐವತ್ತು ದಾಟಿದವಳು. ಮಂಡಿಗೆ ಪಟ್ಟಿ ಸುತ್ತಿಕೊಂಡು ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದ್ದಳು.

"ಮೆಟ್ಟಿಲು ಹತ್ತೋಕಾಗಲ್ಲ ಅಂತ ಇವರನ್ನ ಇಲ್ಲೇ ಬಿಟ್ಟು ಬಂದ್ವಿ," ಎಂದು ಪಿಸುಗುಟ್ಟಿದ ಮೇಷ್ಟ್ರು. "ಇಷ್ಟು ವರ್ಷ ಯಾರಾದ್ರೂ ಓದಿ ಹೇಳ್ಬೇಕಿತ್ತು. ತಾವೇ ಓದ್ತಿರೋ ಮೊದಲ ಕಾದಂಬರಿ ಇದು."

ಅವಳ ಮುಂದಿನ ಯಂತ್ರ ಸರಸರನೆ ಓದುತ್ತಿತ್ತು. ಮಗಳಿಗೆ ಒಂದು ಪದವೂ ಹಿಡಿತಕ್ಕೆ ಸಿಗದಷ್ಟು ವೇಗ. ಹೆಂಗಸು ತಲೆ ವಾಲಿಸಿ ಕೇಳುತ್ತಿದ್ದವಳು ಇದ್ದಕ್ಕಿದ್ದಂತೆ ಗೊಳ್ಳೆಂದು ನಕ್ಕಳು. ಒಂದು ಗುಂಡಿ ತಡಕಿ ಒತ್ತಿದಳು. ಯಂತ್ರ ಅದೇ ಸಾಲನ್ನು ಇನ್ನೊಮ್ಮೆ ಓದಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮತ್ತೆ ನಕ್ಕಳು, ಹೆಗಲು ಕುಲುಕುವಂತೆ.

ಆಮೇಲೆ ಬಾಗಿಲ ಕಡೆ ಕಿವಿಗೊಟ್ಟಳು. "ಯಾರದು? ಹೊಸಬರಾ? ಬನ್ನಿ, ಕೂತ್ಕೊಳ್ಳಿ. ಒಳ್ಳೇ ಘಟ್ಟದಲ್ಲಿದೆ."

ಕಾಲಿಟ್ಟಿದ್ದ ಕುರ್ಚಿಯನ್ನು ತೆರವು ಮಾಡಿ ಪಕ್ಕಕ್ಕೆ ಸರಿಸಿದಳು. ಮಗಳು ಹೋಗಿ ಕೂತಳು. ಹೆಂಗಸು ಓದಿನ ವೇಗ ತಗ್ಗಿಸಿ, ಇಬ್ಬರಿಗೂ ಕೇಳುವ ಹಾಗೆ ಶಬ್ದವನ್ನು ಎರಡು ಮೆಟ್ಟಿಲು ಏರಿಸಿದಳು.