ತಿಪ್ಪೆಗೆ ಬೀಳುವ ರೈತ

ಶೋಭನಾ ಕುರ್ಚಿ ಹತ್ತಿ ಕಿಟಕಿಯ ಪರದೆ ಎಳೆದಳು. ಪಕ್ಕದ ಪ್ರಾರ್ಥನಾಮಂದಿರದಲ್ಲಿ ಗಂಡ ಬಾಲಚಂದ್ರನ ಶವಪೆಟ್ಟಿಗೆಯ ಮೇಲೆ ಎಲ್ಲರೂ ಹೂವಿಟ್ಟು ಬಂದಾಗಿತ್ತು. ಈಗ ಈ ಸಭಾಂಗಣದಲ್ಲಿ ಕಾಫಿ, ಕೇಕು, ಪಿಸುಮಾತು.

"ಶೋಭನಾ ಅವ್ರೇ, ಇದು ಬೇಡ," ಎಂದರು ಕನ್ನಡ ಕೂಟದ ಶೇಷಾದ್ರಿ. "ಒಳ್ಳೇ ಇಂಜಿನಿಯರು ಅಂತ ಈಗ ತಾನೇ ಎಷ್ಟು ಡೀಸೆಂಟಾಗಿ ಭಾಷಣ ಮಾಡಿದೀನಿ. ಹಂದಿ ಹಿಂದೆ ಓಡೋ ಫಿಲಂ ಹಾಕ್ತೀರಾ? ಸಾವಿನ ದಿನ ಜನ ನಗ್ಬೇಕಾ?"

"ನಗದೇ ಹೋದ್ರೇನೇ ಅವರಿಗೆ ಅವಮಾನ. ಆ ಕಡೆ ಕರ್ಟನ್ ಎಳೀರಿ."

ಶೇಷಾದ್ರಿ ಎಳೆಯಲಿಲ್ಲ. ಶೋಭನಾಳ ಮಗಳು ಶ್ರದ್ಧಾ ಎಳೆದಳು.

* * *

ವಾರವೆಲ್ಲ ಸ್ವೀಡನ್ನಿನ ವೆಸ್ಟೆರಾಸ್ ಊರಿನ ಟ್ರಾನ್ಸ್‌ಫಾರ್ಮರ್ ಕಾರ್ಖಾನೆ. ಭಾನುವಾರ ಬಂತೆಂದರೆ ಬಾಲಚಂದ್ರ, ಕೈಯಲ್ಲಿ ತಿರುಗಿಸುವ ಹಳೇ ಪ್ರೊಜೆಕ್ಟರ್ ಹೊತ್ತು ವೃದ್ಧಾಶ್ರಮಕ್ಕೆ ಹೊರಡುತ್ತಿದ್ದ. ನೂರು ವರ್ಷದ ಹಿಂದಿನ ಅಲ್ಲಿನ ಹಳ್ಳಿಯ ಮೂಕಿಚಿತ್ರ: ಹಸು ಒದ್ದರೆ ಹಾಲಿನ ಬಕೆಟ್ಟು ಹಾರುತ್ತದೆ, ಹಂದಿ ಹಿಡಿಯಲು ಹೋದ ದಪ್ಪ ರೈತ ತಿಪ್ಪೆಗೆ ಬೀಳುತ್ತಾನೆ.

"ಲೇ ಬಡ್ಡಿಮಗನೇ, ಬಾಲ ಬಿಡು, ಕಾಲು ಹಿಡಿ!" ಎಂದು ಬಾಲಚಂದ್ರ ಕನ್ನಡದಲ್ಲೇ ಅರಚುತ್ತಿದ್ದ. ಒಂದಕ್ಷರ ತಿಳಿಯದಿದ್ದರೂ ಅಜ್ಜ ಅಜ್ಜಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಏನ್ರೀ ಇದು, ಕೋಡಂಗಿ ಥರ!" ಎಂದಳು ಒಮ್ಮೆ ಶೋಭನಾ.

"ಕಾರ್ಖಾನೆಯಿಂದ ಹೊರಗೆ ಹೋದ ಟ್ರಾನ್ಸ್‌ಫಾರ್ಮರ್ ಮೇಲೆ ನನ್ನ ಹೆಸರಿರಲ್ಲ ಕಣೇ," ಎಂದ ಅವನು, ಬೆವರು ಒರೆಸಿಕೊಳ್ಳುತ್ತ. "ಈ ನಗು ಮಾತ್ರ ನನ್ನ ಕೈಯಿಂದ್ಲೇ ಹುಟ್ಟಿದ್ದು."

* * *

ಶೋಭನಾ ಪ್ರೊಜೆಕ್ಟರಿನ ಹಿಡಿಕೆ ತಿರುಗಿಸಿದಳು. ಬಿಳಿ ಗೋಡೆಯ ಮೇಲೆ ಹಸು ಒದ್ದಿತು. ಯಾರೂ ನಗಲಿಲ್ಲ. ಕಪ್ಪು ಕೋಟಿನವರೆಲ್ಲ ನೆಲ ನೋಡಿದರು.

"ಅಮ್ಮಾ, ಪ್ಲೀಸ್ ಸ್ಟಾಪ್," ಎಂದಳು ಶ್ರದ್ಧಾ, ಕೆಂಪೇರಿದ ಮುಖದಲ್ಲಿ.

ಶೋಭನಾಳ ಕೋಪ ನೆತ್ತಿಗೇರಿತು. ಬದುಕಿನುದ್ದಕ್ಕೂ ನಗಿಸಿದವನನ್ನು ಹೀಗೆ ಸಪ್ಪಗೆ ಕಳಿಸುವುದೇ? "ಏ ಕುರುಡಾ!" ಎಂದು ಗೋಡೆಯ ಮೇಲಿನ ರೈತನತ್ತ ಕಿರುಚಿದಳು. "ಹಂದಿ ನಿನ್ನ ಕಾಲ ಸಂದೀಲೇ ಇದೆಯಲ್ಲೋ!"

ಗಾಲಿಕುರ್ಚಿಯಲ್ಲಿದ್ದ ವೃದ್ಧಾಶ್ರಮದ ಗುನಿಲ್ಲಾ ಅಜ್ಜಿ ಕಿಸಕ್ಕೆಂದರು. ಹಿಂದೆಯೇ ಕಾರ್ಖಾನೆಯವರೊಬ್ಬರು. ನಗು ಸಾಲಿಂದ ಸಾಲಿಗೆ ಹಬ್ಬಿತು. ಶ್ರದ್ಧಾ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದಳು. ಶೇಷಾದ್ರಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಭುಜಗಳು ಮಾತ್ರ ಕುಣಿಯುತ್ತಿದ್ದವು.

ಈ ಗದ್ದಲದಲ್ಲಿ ಮುಂದೆ ರೈತ ಬೀಳುವ ದೃಶ್ಯ ಕಳೆದುಹೋಗಬಾರದೆಂದು ಶೋಭನಾ ಹಿಡಿಕೆಯನ್ನು ನಿಧಾನ ಮಾಡಿದಳು, ಇನ್ನೂ ನಿಧಾನ. ಗೋಡೆಯ ಮೇಲೆ ದಪ್ಪ ರೈತ ಕೈಕಾಲು ಚಾಚಿಕೊಂಡು, ತಿಪ್ಪೆಯ ಮೇಲೆ ಗಾಳಿಯಲ್ಲೇ ತೇಲುತ್ತ, ಎಲ್ಲರ ನಗು ಮುಗಿಯಲೆಂದು ಕಾಯುತ್ತಿದ್ದ.