ಮೇಣ ಎಳೆದ ದಾರ

"ನಿನ್ನ ದಾರಗಳೆಲ್ಲ ಹಾಯಾಗಿ ಮಲಗಿಬಿಟ್ಟಿವೆಯಲ್ಲಮ್ಮಾ! ಜೋಗುಳ ಏನಾದ್ರೂ ಹಾಡಿದ್ಯಾ?" ಎಂದು ಗಾಳಿಸುರಂಗದ ಮೇಸ್ತ್ರಿ ಗಾಜಿಗೆ ಮೂಗು ತಾಗಿಸಿಕೊಂಡೇ ಕೇಳಿದ.

ಗಾಜಿನಾಚೆ, ಫ್ಯಾನಿನ ಗಾಳಿ ನುಗ್ಗುವ ಕೊಳವೆಯೊಳಗೆ, ವಿಮಾನದ ರೆಕ್ಕೆಯ ಮೊಳದುದ್ದದ ಒಂದು ಮಾದರಿ. ಅದರ ಬೆನ್ನ ಮೇಲೆ ಹನ್ನೆರಡು ಸಾಲು, ಸಾಲಿಗೆ ಹದಿನಾರರಂತೆ ಅರ್ಧ ಬೆರಳುದ್ದದ ಹತ್ತಿ ದಾರಗಳು. ಒಂದು ತುದಿಗೆ ಟೇಪು, ಇನ್ನೊಂದು ತುದಿ ಸ್ವತಂತ್ರ. ರೆಕ್ಕೆಯ ಮೂತಿಯನ್ನು ಮೇಲಕ್ಕೆತ್ತುತ್ತ ಹೋದರೆ ಒಂದು ಹಂತದಲ್ಲಿ ಗಾಳಿ ಅದರ ಬೆನ್ನು ಬಿಟ್ಟು ಚೆದುರುತ್ತದೆ. ಆಗ ದಾರಗಳು ಕುಣಿಯಬೇಕು. ಹದಿನಾಲ್ಕು ಡಿಗ್ರಿಗೇ ಗಾಳಿ ಬಿಟ್ಟಿತು ಎಂದು ಒತ್ತಡದ ಮಾಪಕ ಹೇಳುತ್ತಿತ್ತು. ದಾರಗಳು ಮಾತ್ರ ಜಪ್ಪಯ್ಯ ಅಂದರೂ ಮಿಸುಕಲಿಲ್ಲ.

ಗೈಡು ಮೇಡಂ ನಿನ್ನೆಯೇ ಖಡಾಖಂಡಿತ ಹೇಳಿದ್ದರು: "ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ. ಯಾವುದು ಅಂತ ತೋರಿಸು, ಇಲ್ಲಾಂದ್ರೆ ಆ ಅಧ್ಯಾಯ ಕಿತ್ತುಹಾಕು." ಆ ಅಧ್ಯಾಯ ಕಿತ್ತರೆ ಸಂಶೋಧನಾ ವಿದ್ಯಾರ್ಥಿನಿಯಾದ ಅವಳ ಪ್ರಬಂಧದಲ್ಲಿ ಉಳಿಯುವುದು ಮುಖಪುಟ ಮತ್ತು ಕೃತಜ್ಞತೆ. ಒಪ್ಪಿಸಲು ಇನ್ನು ಮೂರೇ ವಾರ. ಸುರಂಗವೋ ನಾಳೆಯಿಂದ ರಿಪೇರಿಗೆಂದು ಮೂರು ತಿಂಗಳು ಬಾಗಿಲು ಹಾಕುತ್ತದೆ.

"ಇವತ್ತು ಇನ್ನೊಂದು ಸಲ ಸಿಗುತ್ತಾ?"

"ನಾಲ್ಕಕ್ಕೆ ಅರ್ಧ ಗಂಟೆ ಖಾಲಿ ಇದೆ. ಆದ್ರೆ ಅದೇ ರೆಕ್ಕೆ, ಅದೇ ದಾರ, ಅದೇ ಗಾಳಿ. ಏನು ಬದಲಾಗುತ್ತೆ ಹೇಳು?"

"ಬರ್ಕೊಳ್ಳಿ. ಆ ಅರ್ಧ ಗಂಟೆ ನಂದು," ಎಂದಳು.

ರೆಕ್ಕೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಕೆಲಸದ ಮೇಜಿನ ಮೇಲಿಟ್ಟಳು. ಈ ಪರದೇಶದಲ್ಲಿ ಬೆಳಗಿನ ಗಂಟೆ ಹನ್ನೊಂದು. ಊರಲ್ಲಿ ಆಗಲೇ ಸಂಜೆ, ಅಮ್ಮನ ವಿಡಿಯೊ ಫೋನು ತಪ್ಪದೆ ಬರುವ ಹೊತ್ತು. ಅಮ್ಮ ಟೈಲರಮ್ಮ. ಹೊಲಿಗೆ ಮಿಷಿನ್ನಿಗೆ ಫೋನು ಒರಗಿಸಿಕೊಂಡು, ಪೆಡಲು ತುಳಿಯುತ್ತಲೇ ಮಾತಾಡುವ ಹೆಂಗಸು.

"ಏನೇ, ಮುಖ ಇಸ್ತ್ರಿ ಕಾಣದ ಬಟ್ಟೆ ಥರ ಇದೆ? ನಿಮ್ಮ ಗಾಳಿಯಪ್ಪ ಬೈದ್ನಾ?" ಮೇಸ್ತ್ರಿಗೆ ಈ ಹೆಸರಿಟ್ಟವಳು ಅಮ್ಮನೇ.

"ಅಮ್ಮಾ, ತಲೆ ಕೆಟ್ಟುಹೋಗಿದೆ. ದಾರ ಅಲ್ಲಾಡ್ಬೇಕು, ಅಲ್ಲಾಡ್ತಿಲ್ಲ."

"ಗಾಳಿಗೆ ದಾರ ಅಲ್ಲಾಡಲ್ವಾ? ಇದೊಳ್ಳೆ ಕಥೆ. ಎಲ್ಲಿ, ತೋರ್ಸು."

ಫೋನನ್ನು ರೆಕ್ಕೆಯ ಹತ್ತಿರ ಹಿಡಿದಳು. ಅತ್ತ ಮಿಷಿನ್ನಿನ ಸದ್ದು ನಿಂತಿತು. ಅಮ್ಮ ಮಿಷಿನ್ನು ನಿಲ್ಲಿಸುವುದು ಎರಡೇ ಕಾರಣಕ್ಕೆ: ದಾರ ಮುಗಿದಾಗ, ಇಲ್ಲವೇ ಯಾರದಾದರೂ ತಪ್ಪು ಸಿಕ್ಕಾಗ.

"ಇನ್ನೂ ಹತ್ತಿರ ಹಿಡಿ. ಅಲ್ಲಾ ಕಣೇ, ಒಂದು ಎಳೆನೂ ಸಿಬಿರೆದ್ದಿಲ್ಲ, ನುಣ್ಣಗೆ ಹೊಳೀತಿವೆ. ಮೇಣ ಎಳೆದ್ಯಾ?"

ಅವಳು ಮೇಜಿನ ಮೇಲೆ ನೋಡಿದಳು. ಕತ್ತರಿಯ ಪಕ್ಕದಲ್ಲಿ ಜೇನುಮೇಣದ ಉಂಡೆ. ಮನೆ ಬಿಡುವಾಗ ಅಮ್ಮ ಸೂಜಿಪೆಟ್ಟಿಗೆಯಲ್ಲಿ ತುರುಕಿದ್ದು. ವರ್ಷಗಟ್ಟಲೆ ದಾರ ಎಳೆದೆಳೆದು ಮೈತುಂಬ ಗೀರು. ದಾರ ಸಿಕ್ಕಾಗಬಾರದೆಂದು ಆರನೇ ವಯಸ್ಸಿನಿಂದ ಪ್ರತಿ ದಾರವನ್ನೂ ಅದರ ಮೇಲೆ ಎಳೆದೇ ಕತ್ತರಿಸುವ ಕೈ ಅವಳದು. ಈ ಸಲವೂ ಕೈ ತನ್ನ ಪಾಡಿಗೆ ಎಳೆದಿತ್ತು. ತಲೆಯನ್ನು ಕೇಳಲೇ ಇಲ್ಲ.

"ನೀನೇ ತಾನೇ ಕಲಿಸಿದ್ದು!"

"ಗುಂಡಿ ಹಾಕೋಕೆ ಕಲಿಸಿದ್ದು, ವಿಮಾನ ಹಾರಿಸೋಕಲ್ಲ! ಮೇಣ ತಿಂದ ದಾರ ಪೊರಕೆಕಡ್ಡಿ ಆಗುತ್ತೆ, ಇನ್ನೆಲ್ಲಿ ಕುಣಿಯುತ್ತೆ?" ಅಮ್ಮ ನಕ್ಕಳು, ಆಮೇಲೆ ದನಿ ತಗ್ಗಿಸಿದಳು. "ಎಷ್ಟಿವೆ?"

"ನೂರ ತೊಂಬತ್ತೆರಡು."

"ರವಿಕೆ ತೋಳು ತಿರುಗಾಮುರುಗಾ ಜೋಡಿಸಿದ್ರೆ ಏನ್ಮಾಡ್ತೀವಿ? ಬಿಚ್ಚು. ತುದಿ ಒಂಚೂರು ಹಿಂಜಿ ಬಿಡು, ಹಗುರಾಗುತ್ತೆ. ಇಡ್ತೀನಿ, ನಿಂಗೆ ಹೊತ್ತಿಲ್ಲ."

ಅವಳು ಮೇಣದ ಉಂಡೆಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಬಿಗಿದಳು. ಊಟದ ಡಬ್ಬಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಹಳೇ ದಾರಗಳನ್ನು ಒಂದೊಂದಾಗಿ ಕಿತ್ತು, ರೆಕ್ಕೆಯ ಮೈ ಒರೆಸಿ, ಹೊಸ ಉರುಳೆ ಬಿಚ್ಚಿ ಕೂತಳು. ಅಳತೆ, ಕತ್ತರಿ, ಟೇಪು, ತುದಿ ಹಿಂಜುವುದು. ಎರಡು ಗಂಟೆಗೆ ಐದನೇ ಸಾಲು. ಕತ್ತು ಮರಗಟ್ಟಿತ್ತು. ಈ ಲೆಕ್ಕದಲ್ಲಿ ನಾಲ್ಕಕ್ಕೆ ಮುಗಿಯುವ ಮಾತೇ ಇರಲಿಲ್ಲ. ಆದರೂ ಗಡಿಯಾರದ ಕಡೆ ತಿರುಗದೆ ಆರನೇ ಸಾಲಿಗೆ ಕೈ ಹಾಕಿದಳು.

ಅಷ್ಟರಲ್ಲಿ ಮೇಸ್ತ್ರಿ ಬಂದು ರೆಕ್ಕೆಯತ್ತ ಬಗ್ಗಿದ. "ಎಲ್ಲಾ ಕಿತ್ತುಹಾಕಿದ್ಯಾ?"

"ಹೂಂ. ಸುಳ್ಳು ಹೇಳಿದ್ದು ದಾರ. ನಾನೇ ಹೇಳಿಕೊಟ್ಟ ಸುಳ್ಳು."

ಅವನು ಸ್ಟೂಲು ಎಳೆದುಕೊಂಡು ಕೂತ. "ನನ್ನ ಈ ದಪ್ಪ ಬೆರಳಿಗೆ ದಾರ ಹಿಡಿಯೋಕಾಗಲ್ಲ. ಟೇಪು ಕತ್ತರಿಸಿ ಕೊಡ್ತೀನಿ. ಮಾತಾಡ್ಬೇಡ, ಅಂಟಿಸು."

ನಾಲ್ಕಕ್ಕೆ ಐದು ನಿಮಿಷವಿರುವಾಗ ಕೊನೆಯ ದಾರ ಕೂತಿತು. ರೆಕ್ಕೆ ಸುರಂಗದೊಳಗೆ ಹೋಯಿತು, ಫ್ಯಾನು ಗುಡುಗಿತು. ಎಂಟು ಡಿಗ್ರಿ. ಹತ್ತು. ಹನ್ನೆರಡು. ದಾರಗಳೆಲ್ಲ ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದ್ದವು.

"ಈಗಲೂ ಅಲ್ಲಾಡದಿದ್ರೆ?" ಎಂದ ಮೇಸ್ತ್ರಿ, ರೆಕ್ಕೆ ಎತ್ತುವ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು.

"ಮಾಪಕ ಸುಳ್ಳು ಅಂತ ಬರೀತೀನಿ. ಅಧ್ಯಾಯ ಮಾತ್ರ ಕೀಳಲ್ಲ. ನೀವು ಎತ್ತಿ."

ಅವನು ಹಿಡಿಕೆ ತಿರುಗಿಸಿದ. ಹದಿಮೂರು. ಮಾಪಕ ಹೇಳಿದ್ದ ಹದಿನಾಲ್ಕು. ಹಿಂದಂಚಿನ ಸಾಲಿನಲ್ಲಿ ಒಂದು ದಾರ ನಡುಗಿತು, ತಲೆ ಎತ್ತಿತು, ನಿಧಾನವಾಗಿ ಹೊರಳಿ ಮುಂದಕ್ಕೆ ಮುಖ ಮಾಡಿತು.