ಉಪ್ಪಿನ ರಾಶಿಗೆ ಒತ್ತಿದ ಮುದ್ರೆ

ನಾನು ಒಂದು ಮರದ ಮುದ್ರೆ. ಹಲಸಿನ ಹಲಗೆಯಲ್ಲಿ ನನ್ನನ್ನು ಕೆತ್ತಿದ ಆಚಾರಿಗೆ ಇಂಗ್ಲಿಷ್ ಬಾರದು. ಕಾಗದದಲ್ಲಿದ್ದ ಅಕ್ಷರಗಳನ್ನು ನೋಡಿ ತಿರುಗುಮುರುಗಾಗಿ ಕೊರೆದ. ಕೊನೆಗೆ ಕುಂಕುಮ ಹಚ್ಚಿ, "ಒಳ್ಳೆಯ ಕೈ ಸೇರು" ಎಂದು ಹರಸಿ ಕಳಿಸಿದ.

ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ ಉಪ್ಪಿನ ಗದ್ದೆಗಳಿದ್ದವು. ನಾನು ಅಲ್ಲಿ ಕಾವಲಿದ್ದ ಸರಕಾರಿ ಜವಾನ ಬೀರಣ್ಣನ ಕೈ ಸೇರಿದೆ. ಕೈ ಒಳ್ಳೆಯದೇ. ಮಿಂದು ಸೂರ್ಯನಿಗೆ ಕೈ ಮುಗಿಯದೆ ಅವನು ನನ್ನನ್ನು ಮುಟ್ಟುತ್ತಿರಲಿಲ್ಲ.

ಹೆಂಗಸರು ಉಪ್ಪು ಬಾಚಿ ರಾಶಿ ಹಾಕುತ್ತಿದ್ದರು. ಸಂಜೆ ಬೀರಣ್ಣ ಹಸಿ ರಾಶಿಯ ಸುತ್ತ ನನ್ನನ್ನು ಒತ್ತುತ್ತಿದ್ದ. ಯಾರಾದರೂ ಹಿಡಿ ಉಪ್ಪು ತೆಗೆದರೆ ಅಕ್ಷರ ಮುರಿದು ಕಳವು ಗೊತ್ತಾಗುತ್ತಿತ್ತು. ಕಡಲು ದೇವರದು, ಬಿಸಿಲು ದೇವರದು, ಬೆವರು ಆ ಹೆಂಗಸರದು. ನಾನು ಒತ್ತಿದ ಮೇಲೆ ಉಪ್ಪು ಮಾತ್ರ ಏಳು ಕಡಲಿನಾಚೆಯ ರಾಣಿಯದು. ಅದಕ್ಕೆ ಸುಂಕ ಹೇರಿ ಆ ಹೆಂಗಸರಿಗೇ ಮಾರುತ್ತಿದ್ದರು. ಸುಂಕ ಹಡಗು ಹತ್ತಿ ಹೋಗುತ್ತಿತ್ತು. ಸಪ್ಪೆ ಗಂಜಿ ಇಲ್ಲಿ ಉಳಿಯುತ್ತಿತ್ತು.

ಗದ್ದೆಯವರಲ್ಲಿ ಒಂದು ನಡಾವಳಿ. ಹಂಗಾಮಿನ ಮೊದಲ ರಾಶಿಯಿಂದ ಒಂದು ಹಿಡಿಯನ್ನು ಒಡ್ಡಿನ ಮೇಲಿನ ಕಲ್ಲುದೇವತೆಗೆ ಇಡಬೇಕು. ಇಡದಿದ್ದರೆ ಒಡ್ಡು ಒಡೆದು ಹೊಳೆ ನುಗ್ಗುತ್ತದೆ ಎಂಬ ನಂಬಿಕೆ. ಆ ಹಿಡಿ ತೆಗೆಯುವಾಗ ಬೀರಣ್ಣ ಬೇರೆ ಕಡೆ ನೋಡುತ್ತಿದ್ದ. ಆಮೇಲೆ ನನ್ನನ್ನು ಒತ್ತುತ್ತಿದ್ದ.

ಒಂದು ವರ್ಷ ಮೊದಲ ರಾಶಿಯ ಸಂಜೆಯೇ ಉಪ್ಪಿನ ಇಲಾಖೆಯ ಹೊಸ ಇಂಗ್ಲಿಷ್ ದೊರೆ ಹೇಳದೆ ಕೇಳದೆ ಬಂದ. ದೇವತೆಗೆ ಹಿಡಿ ಇಡಬೇಕಿದ್ದ ಗದ್ದೆಯ ಹೆಂಗಸು ತುಳಸು ಅದಕ್ಕೆ ಬಾಳೆಲೆ ತರಲು ಹೋಗಿದ್ದಳು. ಹೆದರಿದ ಬೀರಣ್ಣ ಅವಳು ಬರುವ ಮೊದಲೇ ಮುದ್ರೆ ಒತ್ತಿಬಿಟ್ಟ. ತುಳಸು ಗಂಡ ಸತ್ತವಳು. ಗದ್ದೆಯ ಕೂಲಿಯೊಂದೇ ಅವಳಿಗೆ ಆಧಾರ. ಬಂದವಳು ನನ್ನ ಗುರುತು ಕಂಡೂ ಬಾಗಿ ಒಂದು ಹಿಡಿ ತೆಗೆದಳು.

"ಬ್ಯಾಡ್ವೇ ತುಳಸು, ದೊರೆ ಇಲ್ಲೇ ಇವ್ನೆ," ಎಂದ ಬೀರಣ್ಣ, ದನಿ ತಗ್ಗಿಸಿ.

"ಇರ್ಲಿ ಬಿಡು. ಒಡ್ಡು ಒಡೆದ್ರೆ ಮಣ್ಣು ಹೊರೂಕೆ ಅಂವ ಬತ್ನಾ ಅಣ್ಣ?"

ದೊರೆ ಅಲ್ಲೇ ಇದ್ದುದರಿಂದ ಬೀರಣ್ಣನಿಗೆ ಮತ್ತೆ ಮುದ್ರೆ ಒತ್ತಲಾಗಲಿಲ್ಲ. ಮರುದಿನ ದೊರೆ ಮುರಿದ ಅಕ್ಷರದ ಮೇಲೆ ಬೆತ್ತ ಊರಿದ. ಅವನ ಗುಮಾಸ್ತ ಬೀರಣ್ಣನನ್ನು ಕೇಳಿದ: "ಯಾರ ಕೆಲಸ ಇದು? ಸರಕಾರದ ಉಪ್ಪು ತಿನ್ನುವವ ನೀನು. ಹೇಳದಿದ್ದರೆ ನಿನ್ನ ಹೆಸರನ್ನೇ ಬರೆಯುತ್ತೇನೆ."

ನಾಯಿ ತುಳಿದಿರಬೇಕು ಎನ್ನಬಹುದಿತ್ತು. ಬೀರಣ್ಣ ತುಳಸುವಿನ ಹೆಸರು ಹೇಳಿದ.

ಅವಳಿಗೆ ಮೂರು ತಿಂಗಳ ಸಜೆಯಾಯಿತು. ಮರಳಿದಾಗ ಗದ್ದೆಯಲ್ಲಿ ಅವಳ ಜಾಗಕ್ಕೆ ಬೇರೊಬ್ಬಳು ಬಂದಿದ್ದಳು. ತುಳಸು ಹೊಳೆಯಲ್ಲಿ ಚಿಪ್ಪಿ ಹೆಕ್ಕಿ ಹೊಟ್ಟೆ ಹೊರೆದಳು. ಬೀರಣ್ಣ ಎದುರಾದರೆ ಬೈಯುತ್ತಿರಲಿಲ್ಲ. ಬೈದಿದ್ದರೆ ಅವನು ಒಂದಿಷ್ಟು ನಿದ್ದೆ ಮಾಡುತ್ತಿದ್ದನೇನೋ.

ನಾನು ಸವೆದೆ, ಬೀರಣ್ಣ ಮುದುಕನಾದ. ಕೆಲಸ ಬಿಟ್ಟ ದಿನ ನನ್ನನ್ನು ಬೇಡಿ ಪಡೆದು ನೆಟ್ಟಗೆ ತುಳಸುವಿನ ಗುಡಿಸಲಿಗೆ ಒಯ್ದ. ಮನೆಗೆ ಬಂದವರಿಗೆ ಕೊಡುವಂತೆ ಅವಳು ಅವನಿಗೂ ನೀರು ಬೆಲ್ಲ ಕೊಟ್ಟಳು. ಅವನು ನನ್ನನ್ನು ಅವಳ ಮುಂದಿಟ್ಟ.

"ಇದ್ನ ನಿನ್ನ ಒಲೆಗೆ ಹಾಕು ತಂಗಿ."

ತುಳಸು ನನ್ನನ್ನು ಎತ್ತಿ ತೂಗಿ ನೋಡಿದಳು. "ಒಣಗಿದ ಹಲಸು, ಚಂದಾಗೇ ಉರಿತದೆ. ಆದ್ರೆ ಅಣ್ಣ, ನಿನ್ನ ಪಾಪ ಸುಟ್ಟು ಬೇಯ್ಸಿದ ಗಂಜಿ ನಾ ಎಂತಕ್ಕೆ ಉಣ್ಲಿ?"

ಅವನು ನನ್ನನ್ನು ಬಗಲಲ್ಲಿಟ್ಟುಕೊಂಡು ಮರಳಿದ. ಸಾಯುವವರೆಗೂ ನನ್ನನ್ನು ಸುಡಲಿಲ್ಲ, ಎಸೆಯಲೂ ಇಲ್ಲ. ಈಗ ಅವನ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದೇನೆ. ನಾನೇನು ಮಾಡಿದೆ, ಒತ್ತಿದಲ್ಲಿ ಒತ್ತಿದೆ, ಅಷ್ಟೇ ಎಂದು ದೇವರಿಗೆ ಹೇಳಿಕೊಳ್ಳುತ್ತೇನೆ. ಬೀರಣ್ಣನೂ ಹಾಗೆಯೇ ಹೇಳಿಕೊಳ್ಳುತ್ತಿದ್ದ.